ತಲೆಗೆ ಹಚ್ಚಿದ್ದನ್ನು ಕಣ್ಣಿನ ಡಾಕ್ಟರರಿಗೆ ಹೇಳಿ



ನಮ್ಮ ವೈದ್ಯಕೀಯ ನೆರವು ನಿಧಿಯ ಅರ್ಜಿಯಲ್ಲಿ ಈ ಸಲ ಒಂದು ಸಾಲು ಬದಲಾಗಿದೆ. ಇಷ್ಟು ವರ್ಷ ಅಲ್ಲಿ ‘ಈಗ ಸೇವಿಸುತ್ತಿರುವ ಔಷಧಗಳು’ ಎಂದಿತ್ತು. ಈಗ ‘ಸೇವಿಸುವ, ಮೈಗೆ ಅಥವಾ ತಲೆಗೆ ಹಚ್ಚುವ, ಕಣ್ಣು ಕಿವಿಗೆ ಬಿಡುವ ಎಲ್ಲ ಔಷಧ, ಎಣ್ಣೆ, ಲೋಷನ್‌ಗಳು’ ಎಂದು ಅಚ್ಚಾಗಿದೆ. ಇಷ್ಟು ಸಣ್ಣ ಬದಲಾವಣೆಗೆ ವಾರ್ತಾಪತ್ರದಲ್ಲಿ ಒಂದು ಲೇಖನ ಬೇಕೇ ಎಂದು ಸಮಿತಿಯಲ್ಲೇ ಒಬ್ಬರು ಕೇಳಿದರು. ಬೇಕು ಎಂದು ಹಟ ಹಿಡಿದವನು ನಾನು. ಆ ಸಾಲು ಮೊದಲೇ ಸರಿಯಾಗಿದ್ದರೆ ನಮ್ಮ ಒಬ್ಬ ಹುಡುಗನ ಕಣ್ಣಿನ ತೊಂದರೆಗೆ ಕಾರಣ ಇನ್ನೂ ಬೇಗ ಸಿಗುತ್ತಿತ್ತು.

ನಾನು ಡಾಕ್ಟರನಲ್ಲ. ಫಾರ್ಮಸಿ ಡಿಪ್ಲೊಮಾ ಮಾಡಿ 34 ವರ್ಷ ಮುಂಬಯಿಯ ಮೆಡಿಕಲ್ ಅಂಗಡಿಗಳ ಕೌಂಟರಿನ ಹಿಂದೆ ನಿಂತವನು. ನಿವೃತ್ತಿಯ ನಂತರ ಸಂಘದ ನೆರವು ಸಮಿತಿಯಲ್ಲಿ ಅರ್ಜಿಗಳನ್ನು ನೋಡುವ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಬರೆದದ್ದು ನಿಮ್ಮ ಡಾಕ್ಟರರ ಮಾತಿಗೆ ಬದಲಿಯಲ್ಲ. ಅವರ ಬಳಿಗೆ ಹೋದಾಗ ಏನು ಹೇಳಬೇಕು ಎಂಬುದಕ್ಕೆ ಮಾತ್ರ ಇದು ಸಹಾಯ. ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನ ಹೆಸರು, ಅವನು ದುಡಿಯುವ ಹೋಟೆಲು, ತೋರಿಸಿಕೊಂಡ ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ.

ಅರ್ಜಿ ಬಂದದ್ದು

ಅವನಿಗೆ 28 ವರ್ಷ. ಊರು ಕುಂದಾಪುರದ ಕಡೆ. ಮಾಟುಂಗದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸದಿಂದ ಶುರುಮಾಡಿ ಗಲ್ಲಾಕ್ಕೆ ಬಂದು ಕುಳಿತವನು. ನಾಲ್ಕು ತಿಂಗಳಿನಿಂದ ಅವನ ಕಣ್ಣು ಕೆಂಪಾಗುವುದು, ನೀರು ಸುರಿಯುವುದು, ಬೆಳಿಗ್ಗೆ ಏಳುವಾಗ ರೆಪ್ಪೆ ಊದಿಕೊಂಡಿರುವುದು ನಡೆದಿತ್ತು. ರೂಮಿನವರೆಲ್ಲ ಕೆಂಗಣ್ಣು ಎಂದರು. ಅವನು ಒಂದು ಮೆಡಿಕಲ್ ಅಂಗಡಿಗೆ ಹೋಗಿ ಕಣ್ಣು ತೋರಿಸಿ ಡ್ರಾಪ್ಸ್ ತಂದ. ಚೀಟಿ ಯಾರೂ ಕೇಳಲಿಲ್ಲ. ಬಿಟ್ಟುಕೊಂಡ ಎರಡನೇ ದಿನಕ್ಕೆ ಕೆಂಪು ಇಳಿಯಿತು. ಬಾಟಲಿ ಮುಗಿದ ಮೇಲೆ ಮತ್ತೆ ಬಂತು. ಮತ್ತೆ ಅದೇ ಡ್ರಾಪ್ಸ್ ತಂದ. ಹೀಗೆ ನಾಲ್ಕು ತಿಂಗಳು.

ಗಲ್ಲಾದಲ್ಲಿ ಕುಳಿತವನ ಕಣ್ಣು ಕೆಂಪಾಗಿದ್ದರೆ ಗಿರಾಕಿಗಳಿಗೆ ಹೆದರಿಕೆ. ಮಾಲೀಕರು ಅವನನ್ನು ಸ್ವಲ್ಪ ದಿನ ಒಳಗೆ ಸ್ಟೋರ್ ನೋಡಿಕೊ ಎಂದರು, ಜೊತೆಗೆ ಕಣ್ಣಿನ ಡಾಕ್ಟರರ ಬಳಿಗೂ ಕಳಿಸಿದರು. ಅಲ್ಲಿ ಗೊತ್ತಾಯಿತು, ಅವನು ಬಿಟ್ಟುಕೊಳ್ಳುತ್ತಿದ್ದ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇತ್ತು. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರಬೇಕು. ಅವನಿಗೆ ಬಲಗಣ್ಣಿನಲ್ಲಿ 28, ಎಡಗಣ್ಣಿನಲ್ಲಿ 34 ಇತ್ತು. ನೋವಿರಲಿಲ್ಲ. ಎದುರಿಗಿದ್ದ ಬೋರ್ಡನ್ನು ಸರಿಯಾಗಿಯೇ ಓದಿದ. ಆದರೂ ಒಳಗೆ ದೃಷ್ಟಿಯ ನರಕ್ಕೆ ಪೆಟ್ಟು ಬೀಳಲು ಶುರುವಾಗಿತ್ತು.

ಡಾಕ್ಟರರು ಆ ಡ್ರಾಪ್ಸ್ ನಿಲ್ಲಿಸಿ, ಒತ್ತಡ ಇಳಿಸುವ ಬೇರೆ ಡ್ರಾಪ್ಸ್ ಕೊಟ್ಟು, ನರದ ಸ್ಕ್ಯಾನ್ ಮತ್ತು ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಆ ಖರ್ಚಿಗೆ ಅವನು ನಮಗೆ ಅರ್ಜಿ ಹಾಕಿದ್ದು. ‘ಈಗ ಸೇವಿಸುತ್ತಿರುವ ಔಷಧಗಳು’ ಎಂಬಲ್ಲಿ ‘ಇಲ್ಲ’ ಎಂದು ಬರೆದಿದ್ದ.

ಕಿಟಕಿಯ ಮೇಲಿದ್ದ ಬಾಟಲಿ

ಅರ್ಜಿ ಬಂದವರ ಮನೆಗೆ ಹೋಗಿ ನೋಡಿ ಬರುವುದು ನಮ್ಮ ಸಮಿತಿಯ ಪದ್ಧತಿ. ಅವನ ರೂಮಿಗೆ ನಾನೂ ಸಮಿತಿಯ ಹಿರಿಯ ಸದಸ್ಯೆಯೊಬ್ಬರೂ ಹೋದೆವು. ಅವರು ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ನಾವೆಲ್ಲ ಟೀಚರ್ ಎಂದೇ ಕರೆಯುವುದು. ಸಾಯನ್ ಕೋಳಿವಾಡದ ಒಂದೇ ಕೋಣೆಯಲ್ಲಿ ಐದು ಮಂದಿ. ಹುಡುಗನ ರೆಪ್ಪೆ ಮೊದಲಿಗಿಂತ ಹೆಚ್ಚು ಊದಿತ್ತು. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ತುರಿಕೆ ತಡೆಯಲಾರದೆ, ಡಾಕ್ಟರರಿಗೆ ಹೇಳದೆ, ಅದೇ ಹಳೆಯ ಡ್ರಾಪ್ಸನ್ನು ಮತ್ತೆ ತಂದು ಇಟ್ಟುಕೊಂಡಿದ್ದ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು.

ಟೀಚರ್ ಕಣ್ಣು ಕಿಟಕಿಯ ಕಡೆ ಹೋಯಿತು. ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿ ಒಂದು ಸ್ಪ್ರೇ ಬಾಟಲಿ ಇತ್ತು.

‘ಇದೆಂಥದು ಮಗಾ?’ ಎಂದು ಕೇಳಿದರು.

‘ಅದು ಔಷಧ ಅಲ್ಲ ಟೀಚರೇ, ತಲೆಗೆ ಹಚ್ಚುವುದು.’

ತೆಗೆದು ನೋಡಿದೆ. ಮಿನಾಕ್ಸಿಡಿಲ್ ದ್ರಾವಣ, ಅದೂ ಶೇಕಡಾ 10ರದ್ದು. ಐದು ತಿಂಗಳಿನಿಂದ ಹಚ್ಚುತ್ತಿದ್ದಾನೆ. ಅಂದರೆ ಕಣ್ಣಿನ ತೊಂದರೆ ಶುರುವಾಗುವ ಒಂದು ತಿಂಗಳು ಮೊದಲಿನಿಂದ.

‘ಡಾಕ್ಟರರು ಕೇಳಲಿಲ್ವಾ?’ ಎಂದೆ.

‘ಔಷಧ ಏನಾದರೂ ತಗೊಳ್ತೀಯಾ ಅಂತ ಕೇಳಿದ್ರು ಮಾಮ. ತಗೊಳ್ಳುವುದು ಏನೂ ಇರಲಿಲ್ಲ ಅಲ್ವಾ?’

ಅವನು ಸುಳ್ಳು ಹೇಳಿರಲಿಲ್ಲ. ನಮ್ಮ ಮಾತಿನಲ್ಲಿ ಔಷಧವೆಂದರೆ ಬಾಯಿಗೆ ಹಾಕಿಕೊಳ್ಳುವುದು, ಹೆಚ್ಚೆಂದರೆ ಚುಚ್ಚಿಸಿಕೊಳ್ಳುವುದು. ತಲೆಗೆ ಹಚ್ಚುವುದು ಎಣ್ಣೆಯ ಸಾಲಿಗೆ ಸೇರುತ್ತದೆ. ನಮ್ಮ ಅರ್ಜಿಯೂ ‘ಸೇವಿಸುತ್ತಿರುವ’ ಎಂದೇ ಕೇಳಿತ್ತು.

ಇನ್ನೊಂದು ಕಾರಣವನ್ನು ಟೀಚರ್ ಹೊರಗೆ ಹೋದ ಮೇಲೆ ಹೇಳಿದ. ಮೇ ತಿಂಗಳಲ್ಲಿ ಊರಿಗೆ ಹೋಗಿ ಹುಡುಗಿ ನೋಡುವುದಿತ್ತು. ಮುಂದಿನ ಕೂದಲು ಹೋಗಿದೆ ಎಂದು ಒಂದು ಕಡೆಯಿಂದ ಬೇಡ ಎಂದಿದ್ದರಂತೆ. ರೂಮಿನವರು ತಮಾಷೆ ಮಾಡುತ್ತಾರೆಂದು ಅವನು ಎಲ್ಲರೂ ದೀಪ ಆರಿಸಿ ಮಲಗಿದ ಮೇಲೆ ಕತ್ತಲಲ್ಲಿ ಹಚ್ಚುತ್ತಿದ್ದ. ಅಳತೆ ಕಾಣುತ್ತಿರಲಿಲ್ಲ, ಒಂದು ಮಿಲಿಲೀಟರ್ ಇರಬೇಕಾದಲ್ಲಿ ಎರಡೋ ಮೂರೋ ಹೋಗುತ್ತಿತ್ತು. ಕೈ ತೊಳೆಯಲು ಎದ್ದರೆ ಯಾರಿಗಾದರೂ ಎಚ್ಚರವಾಗುತ್ತದೆಂದು ಹಾಗೆಯೇ ದಿಂಬಿಗೆ ತಲೆ ಕೊಡುತ್ತಿದ್ದ. ಹಸಿ ತಲೆಯಿಂದ ದಿಂಬಿಗೆ, ದಿಂಬಿನಿಂದ ರೆಪ್ಪೆಗೆ, ಕೈಯಿಂದ ಕಣ್ಣಿಗೆ ಹೀಗೆ ಪ್ರತಿ ರಾತ್ರಿ ಔಷಧ ಹರಿಯುತ್ತಿತ್ತು.

ಬಾಟಲಿ, ಅದರ ಪೆಟ್ಟಿಗೆ, ಡ್ರಾಪ್ಸ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಮರುದಿನವೇ ಅವನನ್ನು ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆ. ಅವರು ನೋಡಿದ ಕೂಡಲೇ ಚರ್ಮದ ಡಾಕ್ಟರರಿಗೆ ಬರೆದರು. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆ ಮಾಡಿದರು. ಅಲರ್ಜಿ ಇದ್ದದ್ದು ಮಿನಾಕ್ಸಿಡಿಲ್‌ಗೆ ಅಲ್ಲ, ಅದನ್ನು ಕರಗಿಸಲು ಬಳಸಿದ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವಕ್ಕೆ. ಲೋಷನ್ ನಿಲ್ಲಿಸಿ, ದಿಂಬಿನ ಬಟ್ಟೆ ಬದಲಿಸಿ ಎರಡು ವಾರಕ್ಕೆ ರೆಪ್ಪೆಯ ಊತ ಪೂರ್ತಿ ಇಳಿಯಿತು. ತುರಿಕೆಯೇ ಇಲ್ಲವೆಂದಾಗ ಸ್ಟೀರಾಯ್ಡ್ ಬೇಕೆನಿಸಲಿಲ್ಲ. ಕಣ್ಣಿನ ಒತ್ತಡ ಎರಡು ತಿಂಗಳಿಗೆ ಹತೋಟಿಗೆ ಬಂತು. ಎಡಗಣ್ಣಿನ ದೃಷ್ಟಿಕ್ಷೇತ್ರದ ಒಂದು ಮೂಲೆ ಮಾತ್ರ ಹೋಯಿತು. ನರಕ್ಕೆ ಆದ ಪೆಟ್ಟು ವಾಪಸು ಬರುವುದಿಲ್ಲ. ಇನ್ನು ಜೀವನಪೂರ್ತಿ ಅವನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ಔಷಧ ಏನು, ಎಲ್ಲಿಂದ ಬಂತು

ಮಿನಾಕ್ಸಿಡಿಲ್ ಕೂದಲಿಗೆಂದು ಹುಟ್ಟಿದ ಔಷಧವಲ್ಲ. ಅಮೆರಿಕದ ಅಪ್‌ಜಾನ್ ಕಂಪನಿ ಇದನ್ನು ರಕ್ತದೊತ್ತಡದ ಗುಳಿಗೆಯಾಗಿ ತಂದಿತು, 1979ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಗುಳಿಗೆ ತಿಂದವರ ಮೈಮೇಲೆ, ಮುಖದ ಮೇಲೆ ಕೂದಲು ದಟ್ಟವಾಗಿ ಬೆಳೆಯತೊಡಗಿತು. ಆ ಅಡ್ಡ ಪರಿಣಾಮವನ್ನೇ ಉಪಯೋಗಕ್ಕೆ ತಂದು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಶೇಕಡಾ 2ರ ದ್ರಾವಣಕ್ಕೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. 1996ರಿಂದ ಅಲ್ಲಿ ಚೀಟಿಯಿಲ್ಲದೆಯೂ ಮಾರುತ್ತಾರೆ.

ಇದು ರಕ್ತನಾಳಗಳನ್ನು ಹಿಗ್ಗಿಸುವ ಔಷಧ. ಆರೋಗ್ಯವಾಗಿರುವ ನೆತ್ತಿಯ ಚರ್ಮದ ಮೂಲಕ ಹಚ್ಚಿದ್ದರಲ್ಲಿ ಸರಾಸರಿ ಶೇಕಡಾ 1.4ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ನೆತ್ತಿಯಲ್ಲಿ ಗಾಯ, ಹುಣ್ಣು, ಕೆರೆದ ಗುರುತು ಇದ್ದರೆ, ಅಥವಾ ಅಳತೆ ಮೀರಿ ಹಚ್ಚಿದರೆ ಹೆಚ್ಚು ಸೇರುತ್ತದೆ. ಸರಿಯಾದ ಕಾರಣಕ್ಕೆ, ಸರಿಯಾದ ಅಳತೆಯಲ್ಲಿ ಬಳಸಿದ ಹೆಚ್ಚಿನವರಿಗೆ ಇದರಿಂದ ಕಣ್ಣಿನ ತೊಂದರೆ ಆಗುವುದಿಲ್ಲ. ಈ ಲೇಖನ ಓದಿ ಡಾಕ್ಟರರು ಬರೆದುಕೊಟ್ಟ ಔಷಧವನ್ನು ಯಾರೂ ಹೆದರಿ ಬಿಸಾಡಬಾರದು. ಆದರೆ ತೊಂದರೆ ಆದವರಿಗೆ ಅದು ಎಲ್ಲಿಂದ ಬಂತೆಂದು ಹೊಳೆಯುವುದೇ ಇಲ್ಲ, ಯಾಕೆಂದರೆ ಹಚ್ಚಿದ್ದು ನೆತ್ತಿಗೆ, ಕೆಂಪಾದದ್ದು ಕಣ್ಣು.

ಕಣ್ಣಿಗೆ ಏನಾಗಬಹುದು

ಒಂದು: ನೇರವಾಗಿ ಉರಿ. ದ್ರಾವಣದಲ್ಲಿ ಆಲ್ಕೋಹಾಲ್ ಇರುತ್ತದೆ. ಬೆವರಿನ ಜೊತೆ ಹಣೆಯಿಂದ ಇಳಿದರೂ, ಸ್ಪ್ರೇ ಹಾರಿ ಬಿದ್ದರೂ ಕಣ್ಣು ಉರಿದು ಕೆಂಪಾಗುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ, ಕಿಕ್ಕಿರಿದ ಲೋಕಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಡಲೇ ತಣ್ಣೀರಿನಿಂದ ಚೆನ್ನಾಗಿ ತೊಳೆದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಎರಡು: ಅಲರ್ಜಿ. ನಮ್ಮ ಹುಡುಗನಿಗೆ ಆದದ್ದು ಇದು. ನೆತ್ತಿಯ ಚರ್ಮ ದಪ್ಪ, ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ಅತಿ ತೆಳು. ಹಾಗಾಗಿ ನೆತ್ತಿಯಲ್ಲಿ ಏನೂ ಕಾಣಿಸದೆ, ರೆಪ್ಪೆ ಮಾತ್ರ ಊದಿ, ತುರಿಸಿ, ಸಿಪ್ಪೆ ಏಳಬಹುದು. ಕಪ್ಪು ಹೇರ್ ಡೈ ಹಚ್ಚಿದ ಮರುದಿನ ಕಣ್ಣು ಊದುವುದೂ ಇದೇ ಕಾರಣಕ್ಕೆ. ಅದರಲ್ಲಿ ತಪ್ಪು ಪಿ.ಪಿ.ಡಿ. ಎಂಬ ಬಣ್ಣದ್ದು. ಬೇಗ ಕಪ್ಪಾಗುತ್ತದೆಂದು ಮಾರುವ ಮೆಹೆಂದಿಯಲ್ಲೂ ಅದು ಇರುವುದುಂಟು.

ಮೂರು: ನೀರು ತುಂಬಿದ ಊತ. ಮಿನಾಕ್ಸಿಡಿಲ್ ದೇಹದಲ್ಲಿ ನೀರು ನಿಲ್ಲಿಸಬಲ್ಲದು. ತುರಿಕೆಯಿಲ್ಲದೆ ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡು, ಜೊತೆಗೆ ಕಾಲು ಊದುವುದು, ಎದೆ ಡವಗುಟ್ಟುವುದು, ತಲೆ ಸುತ್ತುವುದು ಇದ್ದರೆ ಅದು ಕಣ್ಣಿನ ವಿಷಯವಷ್ಟೇ ಅಲ್ಲ, ಹಚ್ಚುವುದನ್ನು ನಿಲ್ಲಿಸಿ ಡಾಕ್ಟರರನ್ನು ಕಾಣಬೇಕು. ಇತ್ತೀಚೆಗೆ ಕೂದಲಿಗೆಂದು ಮಿನಾಕ್ಸಿಡಿಲ್ ಗುಳಿಗೆಯನ್ನೂ ಕಡಿಮೆ ಅಳತೆಯಲ್ಲಿ ಕೊಡುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಇದನ್ನು ಮೊದಲೇ ತಿಳಿಸಬೇಕು.

ನಾಲ್ಕು: ರೆಟಿನಾದ ಕೆಳಗೆ ನೀರು ಸೇರುವುದು. ಇದು ಬಹಳ ಅಪರೂಪ. ತಲೆಗೆ ಶೇಕಡಾ 2ರ ಮಿನಾಕ್ಸಿಡಿಲ್ ಹಚ್ಚುತ್ತಿದ್ದ ಒಬ್ಬ ರೋಗಿಯಲ್ಲಿ ಹೀಗಾದದ್ದನ್ನು ಇಟಲಿಯ ಡಾಕ್ಟರರು 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಒಂದೆರಡು ವರದಿಯಿಂದ ಔಷಧವೇ ಕಾರಣವೆಂದು ಸಾಬೀತಾಗುವುದಿಲ್ಲ, ಎಚ್ಚರಿಕೆಗೆ ಮಾತ್ರ ಸಾಕು. ಲಕ್ಷಣ ಗೊತ್ತಿರಲಿ: ನೋಡುವ ಜಾಗದ ನಟ್ಟನಡುವೆ ಮಸುಕು, ಬಣ್ಣ ಮಂಕು, ನೇರ ಗೆರೆ ಸೊಟ್ಟ. ಒಂದು ಕಣ್ಣು ಮುಚ್ಚಿ ಕಿಟಕಿಯ ಗ್ರಿಲ್ಲಿನ ಸರಳುಗಳನ್ನು ನೋಡಿ, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿ. ಸರಳು ಬಾಗಿದಂತೆ ಕಂಡರೆ ತಡಮಾಡದೆ ತೋರಿಸಿ.

ಐದು: ಸ್ಟೀರಾಯ್ಡ್. ಕೂದಲು ವೃತ್ತಾಕಾರವಾಗಿ ಹೋಗುವ ಕಾಯಿಲೆಗೆ ಡಾಕ್ಟರರು ಸ್ಟೀರಾಯ್ಡ್ ಲೋಷನ್ ಕೊಡುತ್ತಾರೆ, ಹುಬ್ಬಿಗೂ ಕೊಡುವುದುಂಟು. ಅವರು ಹೇಳಿದಷ್ಟು ದಿನ ಹಚ್ಚಿದರೆ ಗುಣ. ಹೆಸರು ಬರೆದಿಟ್ಟುಕೊಂಡು ವರ್ಷಗಟ್ಟಲೆ ತಾವೇ ತರಿಸಿ ಕಣ್ಣಿನ ಹತ್ತಿರ ಹಚ್ಚಿದರೆ ಗ್ಲಾಕೋಮಾ, ಕಣ್ಣಿನ ಪೊರೆ ಎರಡೂ ಬರಬಹುದು. ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ನೇರ ಅಪಾಯ. ಕೆಲವು ವಾರ ಬಿಟ್ಟುಕೊಂಡರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ. ಆ ಒಬ್ಬರು ನಾವೇ ಹೌದೋ ಅಲ್ಲವೋ ಎಂದು ಅಳೆದು ನೋಡದೆ ತಿಳಿಯುವ ದಾರಿಯಿಲ್ಲ.

ಆರು: ರೆಪ್ಪೆಗೂದಲಿನ ಆಸೆ. ಗ್ಲಾಕೋಮಾಕ್ಕೆ ಕೊಡುವ ಬೈಮ್ಯಾಟೊಪ್ರಾಸ್ಟ್ ಡ್ರಾಪ್ಸ್‌ನಿಂದ ರೆಪ್ಪೆಗೂದಲು ಉದ್ದವಾಗುತ್ತದೆ. ಅಮೆರಿಕದಲ್ಲಿ 2008ರಲ್ಲಿ ಅದಕ್ಕೆಂದೇ ಒಪ್ಪಿಗೆ ಪಡೆದ ಔಷಧವೂ ಇದೆ. ನಮ್ಮಲ್ಲಿ ಹೆಣ್ಣುಮಕ್ಕಳು ಮದುವೆಯ ಮೊದಲು ಅಜ್ಜಿಯ ಡ್ರಾಪ್ಸ್ ತೆಗೆದು ಹಚ್ಚಿದ್ದನ್ನು ನಾನು ಕೇಳಿದ್ದೇನೆ. ಕಣ್ಣು ಕೆಂಪಾಗುವುದು, ರೆಪ್ಪೆ ಕಪ್ಪಾಗುವುದು, ಕಣ್ಣು ಗುಳಿಬಿದ್ದಂತೆ ಕಾಣುವುದು ಅದರ ಅಡ್ಡ ಪರಿಣಾಮಗಳು. ಕಣ್ಣಿನ ಪಾಪೆಯ ಬಣ್ಣ ಬದಲಾದರೆ ಮತ್ತೆ ಮೊದಲಿನಂತೆ ಆಗದೆ ಉಳಿಯಬಹುದು.

ಸಂಗ್ರೂರಿನ ಶಿಬಿರ

ಮೇಲೆ ಹೇಳಿದ್ದೆಲ್ಲ ಏನಿದೆಯೆಂದು ಬರೆದಿರುವ ಬಾಟಲಿಗಳ ಮಾತು. ಏನಿದೆಯೆಂದೇ ಗೊತ್ತಿಲ್ಲದ ಎಣ್ಣೆಗಳ ಕಥೆ ಬೇರೆ. 2025ರ ಮಾರ್ಚ್ 16ರಂದು ಪಂಜಾಬಿನ ಸಂಗ್ರೂರಿನಲ್ಲಿ ಬೋಳುತಲೆಗೆ ಚಿಕಿತ್ಸೆ ಎಂದು ಒಂದು ಶಿಬಿರ ನಡೆಯಿತು. ತಲೆಗೆ ಔಷಧ ಹಚ್ಚಿ, ಆಮೇಲೆ ತೊಳೆದುಕೊಳ್ಳಿ ಎಂದು ಕಳಿಸಿದರು. ತೊಳೆದ ನೀರು ಕಣ್ಣಿಗೆ ಇಳಿಯಿತು. 60ಕ್ಕೂ ಹೆಚ್ಚು ಮಂದಿ ಕಣ್ಣು ಉರಿ, ಊತ, ಕೆಂಪು ಎಂದು ಆಸ್ಪತ್ರೆಗೆ ಓಡಿದರು. ಪೊಲೀಸರು ಪ್ರಕರಣ ದಾಖಲಿಸಿದರು.

ಅಲ್ಲಿಗೆ ಹೋದವರನ್ನು ದಡ್ಡರೆಂದು ನಗುವುದು ಸುಲಭ. ನಾನು ನಗಲಾರೆ. ನಮ್ಮ ಮಾರ್ಕೆಟಿನ ದಾರಿಯಲ್ಲೂ ಹೆಸರಿಲ್ಲದ ಬಾಟಲಿಯಲ್ಲಿ ‘ಕಾಡಿನ ಬೇರಿನ’ ಎಣ್ಣೆ ಕೊಂಡು ಹೋಗುವವರನ್ನು ನೋಡುತ್ತೇನೆ. ಮನೆಯಲ್ಲಿ ಕಾಯಿಸಿದ ತೆಂಗಿನೆಣ್ಣೆಗೆ ಭೃಂಗರಾಜವೋ ದಾಸವಾಳವೋ ಹಾಕಿದರೆ ಅದರಲ್ಲಿ ಏನಿದೆಯೆಂದು ನಮಗೆ ಗೊತ್ತು. ಲೇಬಲ್ ಇಲ್ಲದ ಬಾಟಲಿಯಲ್ಲಿ ಏನಿದೆಯೆಂದು ಕಣ್ಣು ಉರಿದಾಗ ಡಾಕ್ಟರರಿಗೂ ಗೊತ್ತಾಗುವುದಿಲ್ಲ.

ಮೊದಲು ಕಾರಣ ತಿಳಿಯಿರಿ

ಲೋಷನ್ ಕೊಳ್ಳುವ ಮೊದಲು ಕೂದಲು ಯಾಕೆ ಉದುರುತ್ತಿದೆ ಎಂದು ಕೇಳಿ. ಡೆಂಗಿ, ಟೈಫಾಯಿಡ್ ಜ್ವರ ಬಂದ ಮೇಲೆ, ಹೆರಿಗೆಯ ಮೇಲೆ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಅದು ಸಾಮಾನ್ಯವಾಗಿ ಆರು ತಿಂಗಳ ಒಳಗೆ ತಾನೇ ನಿಲ್ಲುತ್ತದೆ. ರಕ್ತಹೀನತೆ, ಥೈರಾಯ್ಡ್ ಇದ್ದರೆ ಅದಕ್ಕೇ ಮದ್ದು ಬೇಕು. ನಮ್ಮದೇ ರಾಜ್ಯದ ಬುಲಡಾಣಾ ಜಿಲ್ಲೆಯಲ್ಲಿ 2024ರ ಕೊನೆ, 2025ರ ಆರಂಭದಲ್ಲಿ ಕೆಲವು ಹಳ್ಳಿಗಳ ಜನರಿಗೆ ದಿನಗಳಲ್ಲೇ ತಲೆ ಬೋಳಾದಾಗ, ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪರೀಕ್ಷಿಸಿ ತಿನ್ನುವ ಗೋಧಿಯಲ್ಲಿದ್ದ ಸೆಲೆನಿಯಂ ಕಡೆ ಬೆರಳು ತೋರಿಸಿದರು. ಅಂಥವರಿಗೆ ಯಾವ ಲೋಷನ್ ತಾನೇ ಏನು ಮಾಡೀತು?

ಹಚ್ಚುವವರು ನೆನಪಿಡಬೇಕಾದ್ದು

ಡಾಕ್ಟರರು ಬರೆದುಕೊಟ್ಟಿದ್ದರೆ ಹೀಗೆ ಮಾಡಿ. ಒಣ ನೆತ್ತಿಗೆ, ಬೆಳಕಿನಲ್ಲಿ, ಕನ್ನಡಿಯ ಮುಂದೆ ನಿಂತು ಹಚ್ಚಿ. ಅಳತೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಮಿಲಿಲೀಟರ್. ಹೆಚ್ಚು ಹಚ್ಚಿದರೆ ಕೂದಲು ಹೆಚ್ಚು ಬರುವುದಿಲ್ಲ, ಅಡ್ಡ ಪರಿಣಾಮ ಹೆಚ್ಚುತ್ತದೆ. ಹಣೆಯ ಅಂಚಿನಿಂದ ಸ್ವಲ್ಪ ಹಿಂದೆಯೇ ನಿಲ್ಲಿಸಿ. ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣು, ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಮುಟ್ಟಬೇಡಿ. ಮಲಗುವ ಎರಡರಿಂದ ನಾಲ್ಕು ಗಂಟೆ ಮೊದಲೇ ಹಚ್ಚಿ, ಪೂರ್ತಿ ಒಣಗಲಿ. ದಿಂಬಿನ ಬಟ್ಟೆಯನ್ನು ಆಗಾಗ ಒಗೆಯಿರಿ, ಬೇರೆಯವರ ದಿಂಬಿನ ಮೇಲೆ ಮಲಗಬೇಡಿ. ಹಚ್ಚಿದ ತಲೆಗೆ ಎಳೆಯ ಮಕ್ಕಳು ಮುಖ ಒರೆಸದಂತೆ ನೋಡಿಕೊಳ್ಳಿ. ಶೇಕಡಾ 5ರಿಂದ 10ಕ್ಕೆ ಏರುವ ತೀರ್ಮಾನ ನಿಮ್ಮದೂ ಅಲ್ಲ, ಅಂಗಡಿಯವನದೂ ಅಲ್ಲ.

ರೆಪ್ಪೆ ಊದಿ ತುರಿಸಿದರೆ ಹಚ್ಚುವುದನ್ನು ನಿಲ್ಲಿಸಿ, ಬಾಟಲಿ ಇಟ್ಟುಕೊಂಡು ಡಾಕ್ಟರರಲ್ಲಿಗೆ ಹೋಗಿ. ಅಲರ್ಜಿ ಪ್ರೊಪಿಲೀನ್ ಗ್ಲೈಕಾಲ್‌ನದು ಎಂದಾದರೆ ಅದಿಲ್ಲದ ನೊರೆಯ ರೂಪದ ಮಿನಾಕ್ಸಿಡಿಲ್ ಕೂಡ ಇದೆ. ಅಂದರೆ ನಿಜ ಹೇಳಿದರೆ ಚಿಕಿತ್ಸೆ ತಪ್ಪಿಯೇ ಹೋಗುತ್ತದೆ ಎಂದೇನಿಲ್ಲ. ದೃಷ್ಟಿ ಮಸುಕಾದರೆ, ಗೆರೆ ಸೊಟ್ಟ ಕಂಡರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಕಣ್ಣು ತೀವ್ರವಾಗಿ ನೋಯುತ್ತಿದ್ದರೆ ನಾಳೆ ಎನ್ನಬೇಡಿ. ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಪರೇಲದ ಕೆ.ಇ.ಎಂ., ಭಾಯಖಳಾದ ಜೆ.ಜೆ. ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗಗಳಿವೆ. ದುಡ್ಡಿಲ್ಲವೆಂದು ಮೆಡಿಕಲ್ ಅಂಗಡಿಯ ಕೌಂಟರಿಗೆ ಹೋಗಬೇಕಾಗಿಲ್ಲ.

ಇನ್ನೊಂದು ಕೆಲಸವಿದೆ. ಔಷಧದಿಂದ ತೊಂದರೆಯಾದರೆ ಸರಕಾರಕ್ಕೆ ತಿಳಿಸಲು 2010ರಿಂದ ಭಾರತ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. ಅದರ ಕೇಂದ್ರ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಉಚಿತ ದೂರವಾಣಿ 1800-180-3024. ಬಳಕೆದಾರರೇ ತುಂಬುವ ಫಾರಂ ಇದೆ, ಅದು ಕನ್ನಡದಲ್ಲೂ ಇದೆ. ಹುಡುಗನ ಫಾರಂನ್ನು ಟೀಚರ್ ಕುಳಿತು ತುಂಬಿಸಿದರು.

ಕೊನೆಗೆ ನನ್ನದೊಂದು ಮಾತು

ಆ ಡ್ರಾಪ್ಸ್ ಕೊಟ್ಟ ಅಂಗಡಿಯವನ ಮೇಲೆ ಆ ದಿನ ನನಗೆ ತುಂಬಾ ಸಿಟ್ಟು ಬಂದಿತ್ತು. ಮನೆಗೆ ಬಂದು ಕುಳಿತಾಗ ಆ ಸಿಟ್ಟು ನಿಲ್ಲಲಿಲ್ಲ. ಕಣ್ಣು ಕೆಂಪಾಗಿದೆ ಏನಾದರೂ ಕೊಡಿ ಎಂದು ಬಂದವರಿಗೆ ನಾನೂ ಚೀಟಿ ಕೇಳದೆ ಅದೇ ತರದ ಡ್ರಾಪ್ಸ್ ಕೊಟ್ಟಿದ್ದೇನೆ. ಅದು ಡಾಕ್ಟರರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ ಎಂದು ನನಗೆ ಗೊತ್ತಿತ್ತು. ಸಂಜೆಯ ಗದ್ದಲ, ಪರಿಚಯದ ಮುಖ, ಮರುದಿನ ‘ಕಡಿಮೆಯಾಯಿತು’ ಎಂಬ ಸಂತೋಷದ ಮಾತು. ಅವರಲ್ಲಿ ಎಷ್ಟು ಮಂದಿ ಎರಡನೇ, ಮೂರನೇ ಬಾಟಲಿ ಒಯ್ದರೋ ಲೆಕ್ಕವಿಟ್ಟಿಲ್ಲ. ಈ ಲೇಖನ ಬರೆಯಲೇಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೆ.

ದಾನಿಗಳಿಗೆ ಒಂದು ಮನವಿ. ನೀವು ಕೊಟ್ಟ ಹಣ ಆ ಹುಡುಗನ ಸ್ಕ್ಯಾನ್‌ಗೆ, ದೃಷ್ಟಿಕ್ಷೇತ್ರದ ಪರೀಕ್ಷೆಗೆ, ಮೂರು ತಿಂಗಳ ಡ್ರಾಪ್ಸ್‌ಗೆ ಹೋಯಿತು. ಅವನು ಈಗ ಮತ್ತೆ ಗಲ್ಲಾದಲ್ಲಿ ಕುಳಿತಿದ್ದಾನೆ. ಕಳೆದ ತಿಂಗಳು ಸಂಬಳದ ದಿನ ಬಂದು ನಿಧಿಗೆ 500 ರೂಪಾಯಿ ಕೊಟ್ಟು ರಸೀದಿ ಪಡೆದು ಹೋದ. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ಸಣ್ಣ ಆಫೀಸಿನಲ್ಲಿ ದುಡಿಯುವ ನಮ್ಮವರಿಗೆ ಕಣ್ಣಿನ ಒತ್ತಡ ಅಳೆಯಿಸುವ ಒಂದು ದಿನದ ತಪಾಸಣೆ ಮಾಡಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಅದಕ್ಕೆ ನಿಮ್ಮ ಕೈಲಾದ ನೆರವನ್ನು ಎಂದಿನಂತೆ ಸಂಘದ ಕಚೇರಿಗೆ ತಲುಪಿಸಿ, ರಸೀದಿ ಕೇಳಿ ಪಡೆಯಿರಿ.

ಸದಸ್ಯರಿಗೆ ಇನ್ನೂ ಸಣ್ಣ ಮನವಿ. ಮುಂದಿನ ಸಲ ಕಣ್ಣಿನ ಡಾಕ್ಟರರ ಬಳಿಗೆ ಹೋಗುವಾಗ ಬಚ್ಚಲ ಮನೆಯ ಶೆಲ್ಫನ್ನು ಒಮ್ಮೆ ನೋಡಿ. ತಲೆಗೆ, ಹುಬ್ಬಿಗೆ, ಗಡ್ಡಕ್ಕೆ, ಮುಖಕ್ಕೆ ಹಚ್ಚುವುದೆಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ಕೂದಲು ಹೋಗುವುದಕ್ಕೆ ನಾಚಿಕೆ ಪಡುವಂಥದ್ದೇನಿಲ್ಲ. ಡಾಕ್ಟರರು ಅದಕ್ಕಿಂತ ಎಷ್ಟೋ ದೊಡ್ಡ ಸಂಗತಿಗಳನ್ನು ದಿನವೂ ಕೇಳುವವರು. ಮನೆಯ ಮಕ್ಕಳು ಕತ್ತಲಲ್ಲಿ ಹಚ್ಚಿಕೊಳ್ಳದೆ ಬೆಳಕಿನಲ್ಲಿ ಹಚ್ಚಿಕೊಳ್ಳುವ ಹಾಗೆ, ತಮಾಷೆ ಮಾಡುವ ನಮ್ಮ ಬಾಯನ್ನೂ ಸ್ವಲ್ಪ ಬಿಗಿಹಿಡಿಯೋಣ.

ಇತಿ ತಮ್ಮ ವಿಶ್ವಾಸಿ,
ವೈದ್ಯಕೀಯ ನೆರವು ಸಮಿತಿಯ ಒಬ್ಬ ಸದಸ್ಯ, ಮಾಟುಂಗ